ಗ್ವಾದಲಿಗೆ ಕಟ್ಟಿದ ಮೀನು

ಚಿಂತೆ ಮಾಡದೆ ಇದ್ದ ದಿನ ಯಾವುದಾದರೂ ಇತ್ತೇ ಎಂದು ನೆನಪು ಮಾಡಿಕೊಳ್ಳಲು ಹೋದರೆ ನನಗೆ ಅದೇ ಒಂದು ಚಿಂತೆಯಾಗುತ್ತದೆ. ಐವತ್ತರ ಹತ್ತಿರ ಬಂದಿದ್ದೇನೆ. ಈಗಲೂ ಗ್ಯಾಸ್ ಬಂದ್ ಮಾಡಿದೆನೋ ಇಲ್ಲವೋ ಎಂದು ಬಸ್‌ಸ್ಟ್ಯಾಂಡಿನಿಂದ ಮನೆಗೆ ವಾಪಸು ಹೋಗಿ ನೋಡಿ ಬರುತ್ತೇನೆ. ಆದರೆ ಆಗಿನ ಚಿಂತೆಯ ಮುಂದೆ ಇದೆಲ್ಲ ಏನೂ ಅಲ್ಲ. ಎಪ್ಪತ್ತರ ದಶಕದ ನಡುವೆ, ಸಿಂದಗಿಯ ಹುಡುಗಿಯರ ಹೈಸ್ಕೂಲಿನಲ್ಲಿ ನಾನು ವಿಜ್ಞಾನ ಕಲಿಸುತ್ತಿದ್ದಾಗ ನನ್ನ ಅನ್ನ ನಿದ್ದೆ ಕೆಡಿಸಿದ್ದು ಒಂದು ಮೀನು. ಅದೂ ಜೀವಂತ ಮೀನಲ್ಲ. ಮೂವತ್ತೆಂಟು ಕೋಟಿ ವರ್ಷಗಳ ಹಿಂದೆ ಬದುಕಿ, ಮಕ್ಕಳು ಮರಿಗಳ ಸಮೇತ ಹೇಳಹೆಸರಿಲ್ಲದಂತೆ ಹೋದ ಮೀನು. ಹೇಳಹೆಸರಿಲ್ಲದಂತೆ ಎಂದೆನಲ್ಲ, ತಪ್ಪು. ಹೆಸರೊಂದು ಉಳಿದಿತ್ತು: ಯುಸ್ಥೆನಾಪ್ಟೆರಾನ್. ಆ ಹೆಸರನ್ನು ನಾನು ಹಲಗೆಯ ಮೇಲೆ ಬರೆದು ಮುಗಿಸುವಷ್ಟರಲ್ಲಿ ಒಂಬತ್ತನೇ ಇಯತ್ತೆಯ ಹಿಂದಿನ ಸಾಲಿನವರು ಒಂದು ಜಡೆ ಬಿಚ್ಚಿ ಹಾಕಿಕೊಳ್ಳುತ್ತಿದ್ದರು.

ಧಾರವಾಡದಲ್ಲಿ ಬಿ.ಎಸ್ಸಿ. ಓದುವಾಗ ಈ ಮೀನಿನ ಚಿತ್ರ ನೋಡಿ ನಾನು ಮರುಳಾಗಿದ್ದೆ. ಉಳಿದ ಮೀನುಗಳ ರೆಕ್ಕೆ ಬೀಸಣಿಗೆಯ ಕಡ್ಡಿಗಳ ಹಾಗಾದರೆ ಇದರ ರೆಕ್ಕೆಗಳ ಬುಡ ಮಾಂಸತುಂಬಿ ದಪ್ಪ. ಒಳಗೆ ಎಲುಬು. ಮೊದಲು ಒಂದು, ಅದಕ್ಕೆ ಕೂಡಿಕೊಂಡು ಎರಡು, ಆಮೇಲೆ ಚಿಕ್ಕ ಚಿಕ್ಕವು. ನಮ್ಮ ತೋಳಿನಲ್ಲಿರುವ ಕ್ರಮವೇ. ನೀರಿನಿಂದ ನೆಲಕ್ಕೆ ಬಂದ ಪ್ರಾಣಿಗಳ ಹತ್ತಿರದ ನೆಂಟ ಇದು. ಈ ಮಾತನ್ನು ಬಯಲುಸೀಮೆಯ ಹುಡುಗಿಯರ ಮುಂದೆ ನಾನು ಕಣ್ಣರಳಿಸಿ ಹೇಳಿದಾಗ ಬಂದ ಒಂದೇ ಪ್ರಶ್ನೆ, "ಅಕ್ಕೋರ, ಇದು ಪರೀಕ್ಷಾದಾಗ ಬರತೈತೇನ್ರಿ?" ಎಂಬುದಾಗಿತ್ತು.

ಪರೀಕ್ಷೆ ಬಂದದ್ದು ನನಗೆ. ನಾನು ಆಗ ಹಂಗಾಮಿ ಶಿಕ್ಷಕಿ. ಎರಡು ವರ್ಷ ಆಗಿತ್ತು. ಕಾಯಂ ಆಗಬೇಕಾದರೆ ಇಲಾಖೆಯ ಸಾಹೇಬರ ಶಿಫಾರಸು ಬೇಕು. ಆ ಸಾಹೇಬರಿಗೋ ಮುಂದಿನ ತಿಂಗಳು ವರ್ಗ. ಹೋಗುವ ಮುಂಚೆ ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿ ನಾಲ್ಕೂ ತಾಲೂಕಿನ ಹೈಸ್ಕೂಲುಗಳ ವಿಜ್ಞಾನ ಪ್ರದರ್ಶನ ನೋಡಿಯೇ ಹೋಗುತ್ತೇನೆಂದು ಹಟ ಹಿಡಿದಿದ್ದರು. ಶಾಲೆ ಸುರುವಾಗಿ ಇನ್ನೂ ಪುಸ್ತಕಗಳಿಗೆ ರಟ್ಟು ಹಾಕಿರಲಿಲ್ಲ, ಆಗಲೇ ಬಾಗೇವಾಡಿಯಲ್ಲಿ ಪ್ರದರ್ಶನ.

"ಜ್ವಾಲಾಮುಖಿ ಒಂದು ಬಿಟ್ಟು ಬ್ಯಾರೆ ಏನರ ಮಾಡ್ರಿ," ಎಂದರು ನಮ್ಮ ಮುಖ್ಯೋಪಾಧ್ಯಾಯಿನಿ. ಅವರನ್ನು ನಾವೆಲ್ಲ ದೊಡ್ಡಕ್ಕೋರು ಎನ್ನುತ್ತಿದ್ದೆವು. "ಹೋದ ವರ್ಷ ಎಲ್ಲಾ ಸಾಲ್ಯಾಗೂ ಜ್ವಾಲಾಮುಖಿ ನೋಡಿ ನೋಡಿ ಸಾಹೇಬ್ರಿಗೆ ತಲಿಶೂಲಿ ಬಂದಿತ್ತು. ನಿಮ್ಮ ಕೆಲಸ ಅವರ ಕಣ್ಣಿಗೆ ಬಿತ್ತಂದ್ರ ನೀವು ಕಾಯಂ. ಇಲ್ಲಂದ್ರ ಹೊಸ ಸಾಹೇಬ್ರು ಯಾರನ್ನ ಕಳಸ್ತಾರೋ, ನನ್ನ ಕೈಯಾಗ ಇಲ್ಲವ್ವಾ."

ಕಾಯಂ ಆಗದಿದ್ದರೆ ಮುದ್ದೇಬಿಹಾಳಕ್ಕೆ ವಾಪಸು. ಅಲ್ಲಿ ಅಣ್ಣನ ಮನೆ, ಅತ್ತಿಗೆಯ ಒಲೆ, ಬಂದವರೆಲ್ಲ ನನ್ನ ಮುಖ ನೋಡಿ "ಇನ್ನೂ ಏನೂ ಕೂಡಿಬಂದಿಲ್ಲೇನು?" ಎಂದು ಕೇಳುವ ಪಡಸಾಲೆ. ಸಿಂದಗಿಯಲ್ಲಿ ನನ್ನದೇ ಒಂದು ಬಾಡಿಗೆ ಖೋಲಿ ಇತ್ತು. ಅದರಲ್ಲಿ ನಾನು ಬೇಕಾದಾಗ ಓದಿ, ಬೇಕಾದಾಗ ದೀಪ ಆರಿಸಿ, ಬೇಕೆನಿಸಿದರೆ ಊಟ ಬಿಟ್ಟು ಬರೇ ಶೇಂಗಾ ತಿಂದು ಮಲಗಬಹುದಿತ್ತು. ಆ ಖೋಲಿಯನ್ನು ಬಿಡಬಾರದೆಂದು ನಾನು ನಂಬಿ ಕುಳಿತದ್ದು ಯುಸ್ಥೆನಾಪ್ಟೆರಾನನ್ನು. ನನ್ನ ಬುದ್ಧಿಯ ಬಗ್ಗೆ ಇನ್ನೇನು ಹೇಳಲಿ.

ಮಾದರಿ ಮಣ್ಣಿನದಾಗಬೇಕು, ಮೊಳದುದ್ದ ಇರಬೇಕು ಎಂದುಕೊಂಡು ಯಂಕಂಚಿ ರಸ್ತೆಯ ಬದಿಯ ಕುಂಬಾರ ಅಜ್ಜನ ಮನೆಗೆ ಹೋದೆ. ಹೋದದ್ದು ಎಂಥ ಹೊತ್ತಿನಲ್ಲಿ! ಮಣ್ಣೆತ್ತಿನ ಅಮಾವಾಸ್ಯೆಗೆ ಎಂಟು ದಿನ ಉಳಿದಿತ್ತು. ಆ ಅಮಾವಾಸ್ಯೆಗೆ ನಮ್ಮ ಕಡೆ ಮನೆಮನೆಯಲ್ಲೂ ಹಸಿ ಎರೆಮಣ್ಣಿನ ಜೋಡಿ ಎತ್ತು, ಅವುಗಳ ಮುಂದೆ ಮೇವು ಹಾಕುವ ಒಂದು ಪುಟ್ಟ ಗ್ವಾದಲಿ ಇಟ್ಟು ಪೂಜೆ ಮಾಡುತ್ತಾರೆ. ಅಜ್ಜನ ಅಂಗಳದ ತುಂಬ ಎತ್ತುಗಳು ಸಾಲುಸಾಲಾಗಿ ಒಣಗುತ್ತಿದ್ದವು. ನಾನು ಸೀರೆ ಎತ್ತಿ ಹಿಡಿದು, ಎತ್ತು ತುಳಿಯದಂತೆ ನಡೆದು, ಪುಸ್ತಕ ಬಿಚ್ಚಿ ತೋರಿಸಿದೆ.

"ಯಾವ ಊರಿನ ಮೀನ್ರೀ ಇದು?"

"ದೂರದ್ದು ಅಜ್ಜಾ. ಕೆನಡಾ ಅಂತ ಒಂದು ದೇಶ ಐತಿ, ಅಲ್ಲಿ ಕಲ್ಲಿನೊಳಗ ಸಿಕ್ಕೈತಿ. ಈಗ ಜೀವಂತ ಎಲ್ಲೂ ಇಲ್ಲ. ಸತ್ತು ಮೂವತ್ತೆಂಟು ಕೋಟಿ ವರ್ಷ ಆತು."

ಅಜ್ಜ ಬಹಳ ಹೊತ್ತು ಚಿತ್ರ ನೋಡಿದ. "ಎಷ್ಟ ಹಲ್ಲಿಂದ್ರಿ?"

ಎತ್ತಿನ ವಯಸ್ಸನ್ನು ಹಲ್ಲು ಎಣಿಸಿ ಹೇಳುವ ಊರು. "ಬಾಯಿ ತುಂಬ ಹಲ್ಲು ಅದಾವ," ಎಂದೆ.

"ಹಂಗಂದ್ರ ವಯಸ್ಸಾಗೇತಿ," ಎಂದು ಅಜ್ಜ ಒಪ್ಪಿಕೊಂಡ. ಕೋಟಿಗಳ ಮಾತಿಗಿಂತ ಹಲ್ಲಿನ ಮಾತು ಅವನಿಗೆ ನಂಬಿಕೆ ತಂದಂತೆ ಕಂಡಿತು.

ನಾನು ರೆಕ್ಕೆಗಳನ್ನು ಬೆರಳಿಟ್ಟು ತೋರಿಸಿದೆ. ಮುಂದೆ ಎರಡು, ಹಿಂದೆ ಎರಡು, ಬುಡ ದಪ್ಪ, ಒಳಗೆ ಕೈಕಾಲಿನ ಹಾಗೆ ಎಲುಬು, ಮರೀಬೇಡ ಅಜ್ಜಾ, ಇದೇ ಮುಖ್ಯ, ಇದಕ್ಕಾಗಿಯೇ ಈ ಮೀನು. ಬಾಲಕ್ಕೆ ಮೂರು ಮೊನೆ. ಎಲ್ಲ ಎರಡೆರಡು ಸಲ ಹೇಳಿದೆ. ಮೂರನೇ ಸಲ ಹೇಳಲು ಬಾಯಿ ತೆರೆದಾಗ ಅಜ್ಜ, "ತಿಳೀತ್ರಿ ಅಕ್ಕೋರ, ನಾಳಿ ಬಿಟ್ಟು ನಾಡ್ದ ಬರ್ರಿ," ಎಂದು ಕೈಮುಗಿದ. ಅದು ಗೌರವದ ಕೈಮುಗಿತವಲ್ಲ.

ನಾಡಿದ್ದು ಹೋದೆ. ಬಾಲ ಸೊಗಸಾಗಿ ಬಂದಿತ್ತು. ಮೈಮೇಲಿನ ಹುರುಪೆಗಳನ್ನು ಒಂದೊಂದಾಗಿ ಉಗುರಿನಿಂದ ಒತ್ತಿ ಮೂಡಿಸಿದ್ದ. ಮೀನು ಮಾತ್ರ ನಾಲ್ಕು ಕಾಲಿನ ಮೇಲೆ ನಿಂತಿತ್ತು. ಗಟ್ಟಿಮುಟ್ಟಾದ, ಹೊಲ ಉತ್ತು ಬಂದಂಥ ಕಾಲು. ತುದಿಯಲ್ಲಿ ಸೀಳು ಗೊರಸು.

"ಅಜ್ಜಾ! ಇವೇನಿವು?"

"ಎಲುಬು ಅದಾವ ಅಂದ್ರಲ್ರಿ. ಎಲುಬು ಇದ್ದಮ್ಯಾಲ ಅದು ಕಾಲು. ಕಾಲು ಅಂದಮ್ಯಾಲ ಗೊರಸು ಬ್ಯಾಡೇನ್ರಿ?"

"ಇದು ಇನ್ನೂ ನೆಲಕ್ಕ ಬಂದಿಲ್ಲ, ನೀರಾಗೈತಿ!"

"ಬರೂದೈತಿ ಅಂತ ನೀವ ಹೇಳಿದ್ರಿ. ಬರೂವಾಗ ಕಾಲು ತಯಾರ ಇರ್ಬೇಕಲ್ರಿ."

ಜೀವವಿಕಾಸವನ್ನು ಇಷ್ಟು ಅವಸರದಲ್ಲಿ ಮುಗಿಸಿದವರನ್ನು ನಾನು ನೋಡಿರಲಿಲ್ಲ. ತಲೆಗೆ ಕೈಹಚ್ಚಿಕೊಂಡು ಅಲ್ಲೇ ಹಲಗೆಯ ಮೇಲೆ ಕುಳಿತೆ. ಅಜ್ಜ ನಾಲ್ಕೂ ಕಾಲನ್ನು ಕಿತ್ತು ಮಣ್ಣಿನ ಮುದ್ದೆಗೆ ಸೇರಿಸಿ, "ಇನ್ನೆರಡ ದಿನ ಕೊಡ್ರಿ," ಎಂದ.

ಎರಡು ದಿನ ಬಿಟ್ಟು ಹೋದಾಗ ರೆಕ್ಕೆ ಸರಿಯಾಗಿದ್ದವು. ಸರಿ ಎಂದರೆ, ಪುಸ್ತಕದ ಚಿತ್ರದಲ್ಲಿ ಇದ್ದುದಕ್ಕಿಂತ ಜೀವಕಳೆ ಇತ್ತು. ನನಗೆ ಕಣ್ಣಲ್ಲಿ ನೀರು ಬರುವುದೊಂದು ಬಾಕಿ. ಆದರೆ ಮೀನು ಎರಡಿದ್ದವು. ತಲೆಗೆ ತಲೆ ಹೊಂದಿಸಿ, ಒಂದೇ ಎತ್ತರ, ಒಂದೇ ಮೈಕಟ್ಟು. ಎದುರಿಗೆ ಗ್ವಾದಲಿ. ಗ್ವಾದಲಿಯಲ್ಲಿ ಮೇವೆಂದು ನಾಲ್ಕು ಎಳೆ ಜೋಳದ ಕಣಿಕೆ ಬೇರೆ.

"ನನಗ ಒಂದ ಸಾಕಲ್ಲ ಅಜ್ಜಾ."

"ಒಂಟಿ ಕೊಡಂಗಿಲ್ರಿ."

"ಇದು ಗಳೆ ಹೊಡಿಯೂ ಎತ್ತಲ್ಲ. ಮೀನು!"

"ಏನರ ಇರ್ಲ್ರಿ. ಈ ಅಮಾಸಿ ಮುಂದ ನಮ್ಮ ಅಂಗಳದಿಂದ ಒಂಟಿ ಜೀವ ಹೊರಗ ಹೋಗಿಲ್ಲ, ನಮ್ಮಪ್ಪನ ಕಾಲದಿಂದ. ಒಯ್ದ್ರ ಜೋಡಿ ಒಯ್ರಿ, ಇಲ್ಲಂದ್ರ ಇಲ್ಲೇ ಬಿಡ್ರಿ. ಗ್ವಾದಲಿ ಪುಕಟ ಕೊಟ್ಟೇನಿ."

ವಾದ ಮಾಡಿದರೆ ಒಂದೂ ಸಿಗಲಿಕ್ಕಿಲ್ಲ ಎಂದು ಹೆದರಿ ಜೋಡಿಯನ್ನೇ ಒಯ್ದೆ. ಬುಟ್ಟಿಯಲ್ಲಿಟ್ಟುಕೊಂಡು ಊರಿನ ನಡುವೆ ಹಾಯ್ದು ಬರುವಾಗ ಎದುರು ಬಂದವರೆಲ್ಲ, "ಎತ್ತು ತಂದ್ರೇನ್ರಿ ಅಕ್ಕೋರ?" ಎಂದು ಕೇಳಿದರು. ನಾನೂ ಹೌದೆಂದೆ. ಕೇಳಿದವರಿಗೆಲ್ಲ ಕೆನಡಾದಿಂದ ಸುರುಮಾಡಿ ಹೇಳಲು ನನಗೆ ತ್ರಾಣ ಉಳಿದಿರಲಿಲ್ಲ.

ಇಲ್ಲಿ ಅವ್ವನ ವಿಷಯ ಹೇಳಬೇಕು. ನನ್ನನ್ನು ನೋಡಿಕೊಂಡು ಹೋಗಲೆಂದು ಅವ್ವ ಮುದ್ದೇಬಿಹಾಳದಿಂದ ಬಂದು ವಾರವಾಗಿತ್ತು. ಬಂದ ದಿನವೇ, "ಅಮಾಸಿ ಇಲ್ಲೇ ಆಗತೈತಿ. ಬರೂವಾಗ ಒಂದ ಜೋಡಿ ಎತ್ತು ತಗೊಂಡ ಬಾರವ್ವಾ," ಎಂದು ಹೇಳಿದ್ದಳು. ನಾನು ಹೂಂ ಎಂದಿದ್ದೆ. ಅಜ್ಜನ ಅಂಗಳಕ್ಕೆ ಮೂರು ಸಲ ಹೋಗಿ, ನೂರಾರು ಎತ್ತುಗಳ ನಡುವೆ ನಿಂತು, ಒಂದು ಸಲವೂ ಅದು ನೆನಪಾಗಲಿಲ್ಲ. ಕೋಟಿಗಟ್ಟಲೆ ವರ್ಷಗಳ ಹಿಂದಿನ ಮೀನಿನ ಎಲುಬುಗಳ ಲೆಕ್ಕ ಬಾಯಿಪಾಠ ಇದ್ದವಳಿಗೆ ಹೆತ್ತವ್ವ ಹೇಳಿದ ಒಂದು ಮಾತು ನೆನಪಿರಲಿಲ್ಲ.

ಮೀನು ತಂದಾಗ ಅವ್ವ ಪಕ್ಕದ ಮನೆಗೆ ಹೋಗಿದ್ದಳು. ಬಿಸಿಲಿಗೆ ಬಿರುಕು ಬಿಟ್ಟೀತೆಂದು ನಾನು ಜೋಡಿಯನ್ನೂ ಗ್ವಾದಲಿಯನ್ನೂ ಗೋಡೆಯ ಗೂಡಿನಲ್ಲಿಟ್ಟು ಒದ್ದೆ ಬಟ್ಟೆ ಮುಚ್ಚಿ ಶಾಲೆಗೆ ಓಡಿದೆ. ಆಮೇಲೆ ಮೂರು ನಾಲ್ಕು ದಿನ ಮೀನಿನ ವಿವರದ ತಕ್ತೆ, ಅಂದರೆ ಗೋಡೆಗೆ ತೂಗುಹಾಕುವ ದೊಡ್ಡ ಹಾಳೆ, ಬರೆಯುವುದರಲ್ಲೇ ಮುಳುಗಿದ್ದೆ. ಅವ್ವ ಮತ್ತೆ ಎತ್ತಿನ ಮಾತು ಎತ್ತಲಿಲ್ಲ. ಕೊನೆಗೊಮ್ಮೆ ನೆನಪಾದಾಗ, ಅವಳೂ ಮರೆತಿರಬೇಕು, ಚಲೋ ಆಯಿತು, ಎಂದುಕೊಂಡೆ. ಅವ್ವ ಯಾವುದನ್ನಾದರೂ ಮರೆತದ್ದು ಅದೇ ಮೊದಲಾಗುತ್ತಿತ್ತು. ಅಲ್ಲೇ ನನಗೆ ಸಂಶಯ ಬರಬೇಕಿತ್ತು. ಬೇಡದ ಕಡೆಯೆಲ್ಲ ಸಂಶಯಪಡುವ ನಾನು ಬೇಕಾದ ಕಡೆ ನಿಶ್ಚಿಂತಳಾಗಿದ್ದೆ.

ಅಮಾವಾಸ್ಯೆಯ ದಿನ ಸಂಜೆ ಮನೆಗೆ ಬಂದರೆ ಖೋಲಿಯ ತುಂಬ ಹೂರಣದ ವಾಸನೆ. ಗೂಡು ಬರಿದು. ಕುಂಕುಮದ ಗುರುತು, ಎರಡು ಊದಿನಕಡ್ಡಿಯ ಬೂದಿ.

"ಅವ್ವಾ, ಇಲ್ಲಿದ್ದು ಎಲ್ಲಿ?"

"ಎಲ್ಲಿ ಅಂದ್ರ? ಪೂಜಿ ಮಾಡಿ, ಕಡಬು ಎಡಿ ಹಿಡದು, ಓಣಿ ಹೆಣಮಕ್ಕಳ ಜೋಡಿ ಹೋಗಿ ಬಾವಿಗೆ ಬಿಟ್ಟ ಬಂದ್ನಿ. ನಮ್ಮ ಮನಿತನದಾಗ ಅವತ್ತಿಂದ ಅವತ್ತ ಬಿಡ್ತೇವಲ್ಲ, ಮರತೆನು?"

"ಅವು ಎತ್ತಲ್ಲವ್ವಾ! ಮೀನು! ಸಾಲೀವು!"

ಅವ್ವ ಬರಿದಾದ ಗೂಡಿನ ಕಡೆ ನೋಡಿದಳು. "ಅದಕ್ಕ ಅವಕ್ಕ ಕೋಡಿರಲಿಲ್ಲ," ಎಂದಳು.

"ನೋಡಿದ ಕೂಡ್ಲೆ ಗೊತ್ತಾಗಲಿಲ್ಲೇನು ನಿನಗ?"

"ಹೆಂಗ ಗೊತ್ತಾಗ್ಬೇಕು? ನೀನ ತಂದಿಟ್ಟಿ. ಜೋಡಿ ಇದ್ದವು, ಮುಂದ ಗ್ವಾದಲಿ ಇತ್ತು, ಕಣಿಕಿ ಇತ್ತು. ಕಾಲು ಮೋಟು, ಬಾಲಂತೂ ದೇವರಿಗೇ ಪ್ರೀತಿ. ಸಿಂದಗಿ ಕುಂಬಾರ್ರ ಕೈ ಇಷ್ಟ ಅಂತ ಸುಮ್ಮನಾದ್ನಿ. ಪರವೂರವ್ರ ಕೆಲಸಕ್ಕ ಹೆಸರಿಡಬಾರದು ನೋಡು."

ಪ್ರದರ್ಶನ ಇದ್ದದ್ದು ನಾಡಿದ್ದು. ನಾನು ಬಾವಿಗೆ ಓಡಿ ಹೋಗಿ ಬಗ್ಗಿ ನೋಡಿದೆ. ಕೆಳಗೆ ಹೂವು, ಅರಿಸಿನ, ಓಣಿಯ ಎತ್ತುಗಳೆಲ್ಲ ಕರಗಿದ ಕಪ್ಪು ನೀರು. ಮೀನು ನೀರು ಸೇರಿತ್ತು. ಆ ಮಟ್ಟಿಗೆ ಯಾರೂ ತಪ್ಪು ಹೇಳುವಂತಿರಲಿಲ್ಲ.

ಮರುದಿನ ಬೆಳಿಗ್ಗೆ ಅಜ್ಜನ ಮನೆಗೆ ಹೋದರೆ ಅಜ್ಜ ಇಲ್ಲ. ಎತ್ತು ಕೊಟ್ಟ ಮನೆಗಳಿಂದ ಜೋಳ ತರಲು ಕನ್ನೊಳ್ಳಿಗೆ ಹೋಗಿದ್ದ. ಅಜ್ಜಿ ನನ್ನ ಕತೆಯನ್ನೆಲ್ಲ ಕೇಳಿ, ಸೆರಗು ಬಾಯಿಗೆ ಒತ್ತಿಕೊಂಡು ನಕ್ಕು, ಒಂದು ದೊಡ್ಡ ಮಣ್ಣಿನ ಮುದ್ದೆ ಎತ್ತಿ ನನ್ನ ಕೈಗೆ ಹಾಕಿದಳು. "ಅಂವ ಬರೂದು ಎರಡ ದಿನ ಆಗತೈತ್ರಿ. ನೀವು ಕಲತಾವ್ರು. ಮಾಡ್ಕೋರಿ, ಅದೇನ್ ದೊಡ್ಡದು."

ಅದೇನು ದೊಡ್ಡದು ಎಂಬುದು ಮಧ್ಯಾಹ್ನದ ಹೊತ್ತಿಗೆ ಗೊತ್ತಾಯಿತು. ಶಾಲೆಗೆ ರಜೆ ಹಾಕಿ, ಪುಸ್ತಕ ಮುಂದಿಟ್ಟುಕೊಂಡು ತಟ್ಟಿದೆ, ತಿದ್ದಿದೆ, ಅಳಿಸಿದೆ. ಅವ್ವ ಗೋಡೆಗೆ ಒರಗಿ ಕುಳಿತು ನೋಡುತ್ತಿದ್ದಳು.

"ಬದನಿಕಾಯಿ ಚಲೋ ಬಂದೈತಿ," ಎಂದಳು.

"ಸುಮ್ನ ಕೂಡ್ರವ್ವಾ. ಇದು ಚಲೋ ಆಗಲಿಲ್ಲಂದ್ರ ನನ್ನ ನೌಕರಿ ಹೋಗತೈತಿ."

"ಹೋದ್ರ ಮನಿಗೆ ಬರ್ತಿ. ಬಂದ್ರ ತಪ್ಪೇನು? ನಾ ಇಲ್ಲೇನು ಅಲ್ಲಿ?"

ನಿನ್ನ ಜೋಡಿ ಇರಲು ಬೇಸರವಿಲ್ಲ, ಆ ಮನೆಯಲ್ಲಿ ಇರಲು ಬೇಸರ ಎನ್ನಬಹುದಿತ್ತು. ಆದರೆ ಆ ಮನೆಯಲ್ಲಿ ಅವಳು ಇದ್ದಳಲ್ಲ, ದಿನಾ. ಮಣ್ಣು ಒತ್ತುತ್ತಾ ಕುಳಿತೆ. ರೆಕ್ಕೆಯ ಬುಡದಲ್ಲಿ ಬಿರುಕು ಬಿಡುತ್ತಿತ್ತು. ನಾಲ್ಕನೇ ಸಲ ಬಿಟ್ಟಾಗ ನಾನು ಮುದ್ದೆಯನ್ನು ನೆಲಕ್ಕೆ ಕುಕ್ಕಿದೆ.

ಅವ್ವ ಎದ್ದು ಬಂದಳು. ಮುದ್ದೆಯನ್ನು ಹತ್ತಿರ ಎಳೆದುಕೊಂಡು, ಹಾಸಿಗೆಯ ಮೂಲೆಯಿಂದ ಹತ್ತಿ ಕಿತ್ತು, ಪಕ್ಕದ ಮನೆಯಿಂದ ಒಂದು ಹಿಡಿ ಹೊಟ್ಟು ತಂದು, ಮಣ್ಣಿನ ಒಲೆ ಹಾಕುವಾಗ ನಾದುತ್ತಿದ್ದಂತೆ ಮಣ್ಣನ್ನು ನಾದಿದಳು. ಬದುಕಿನಲ್ಲಿ ಎಷ್ಟು ಒಲೆ ಹಾಕಿದ್ದಳೋ. "ಈಗ ಮಾಡು," ಎಂದಳು. ಆಮೇಲೆ ರೆಕ್ಕೆ ನಿಂತವು. ಮೀನು ಆಗಲೂ ಬದನೆಕಾಯಿಯ ಹಾಗೇ ಇತ್ತು, ಆದರೆ ರೆಕ್ಕೆ ಇದ್ದ ಬದನೆಕಾಯಿ.

"ಇನ್ನೊಂದು ಮಾಡು. ಒಂಟಿ ಒಯ್ಯಬಾರದು."

"ಅವ್ವಾ!"

ಮರುದಿನ ಬೆಳಗಿನ ಬಸ್ಸಿಗೆ ಹೊರಟೆ. ಇನ್ನೂ ಒಣಗದ ಮೀನನ್ನು ಒದ್ದೆ ಬಟ್ಟೆಯಲ್ಲಿ ಸುತ್ತಿ ಮಡಿಲಲ್ಲಿಟ್ಟುಕೊಂಡಿದ್ದೆ. ಪಕ್ಕದಲ್ಲಿ ಕುಳಿತ ಹೆಣ್ಣುಮಗಳು ಬಹಳ ಹೊತ್ತು ನೋಡಿ, "ಎಷ್ಟ ತಿಂಗಳದ್ರೀ ಕೂಸು?" ಎಂದಳು. ಕೂಸಲ್ಲ ಎಂದೆ. ಅವಳು ಇನ್ನಷ್ಟು ಕನಿಕರದಿಂದ ನೋಡಿ, ಸರಿದು ಜಾಗ ಕೊಟ್ಟಳು. ದೇವರ ಹಿಪ್ಪರಗಿ ದಾಟುವುದರೊಳಗೆ ಬಸ್ಸು ಯಾವುದೋ ಕುಣಿಯಲ್ಲಿ ಇಳಿದು ಎದ್ದಿತು. ಬಟ್ಟೆಯ ಒಳಗೆ ಏನೋ ಸಡಿಲಾದದ್ದು ಕೈಗೆ ತಿಳಿಯಿತು. ಬಾಗೇವಾಡಿ ಬರುವತನಕ ಬಿಚ್ಚಿ ನೋಡಲಿಲ್ಲ. ನೋಡದಿದ್ದರೆ ಅದು ಮುರಿದಿಲ್ಲ ಎಂಬಂತೆ ಕುಳಿತಿದ್ದೆ.

ಮುರಿದಿತ್ತು. ಬಲಗಡೆಯ ಮುಂದಿನ ರೆಕ್ಕೆ, ಬುಡಸಮೇತ. ಯಾವುದಕ್ಕಾಗಿ ಈ ಮೀನೋ ಅದೇ.

ಪ್ರದರ್ಶನದ ಸಭಾಗೃಹದಲ್ಲಿ ನನ್ನ ಎಡಗಡೆ ಇಂಡಿ ಕಡೆಯ ಶಾಲೆಯವರು ಜ್ವಾಲಾಮುಖಿ ತಂದಿದ್ದರು. ಬಲಗಡೆಯೂ ಜ್ವಾಲಾಮುಖಿ. ಎರಡೂ ಕಡೆಯಿಂದ ಕೆಂಪು ನೊರೆ ಹರಿದು ನನ್ನ ಮೇಜಿನ ಕಡೆ ಬರುತ್ತಿತ್ತು. ನಡುವೆ ನಾನು, ಸುಂದರವಾದ ತಕ್ತೆ, ಅದರ ಕೆಳಗೆ ಒಂದು ಮೀನು, ಅದರ ಪಕ್ಕದಲ್ಲಿ ಬಿಡಿಯಾಗಿ ಅದರ ರೆಕ್ಕೆ. ದೊಡ್ಡಕ್ಕೋರು ಬಂದು ನೋಡಿ ಕನ್ನಡಕ ತೆಗೆದರು, ಒರೆಸಿದರು, ಮತ್ತೆ ಹಾಕಿಕೊಳ್ಳಲಿಲ್ಲ.

ಸಾಹೇಬರು ಬಂದರು. ಎತ್ತರದ ಆಳು, ಪೂರ್ತಿ ತೋಳಿನ ಅಂಗಿ, ಕೈಯಲ್ಲಿ ಡೈರಿ. ರೆಕ್ಕೆಯನ್ನು ಎತ್ತಿ ಹಿಡಿದು ಮುರಿದ ಕಡೆ ನೋಡಿದರು. ಹತ್ತಿ, ಹೊಟ್ಟು.

"ಇದರೊಳಗ ಎಲುಬು ಐತಿ ಅಂತ ಬರದೀರಿ. ಎಲ್ಲಿ?"

"ಅದರೊಳಗ ಇಲ್ರಿ. ನಿಮ್ಮ ತೋಳು ಹಿಡಕೊಂಡು ನೋಡ್ರಿ," ಎಂದುಬಿಟ್ಟೆ. ಹೇಳಿದ ಮೇಲೆ ನಾಲಿಗೆ ಕಚ್ಚಿಕೊಂಡೆ. ಆದರೆ ಅವರು ಡೈರಿಯನ್ನು ಕಂಕುಳಲ್ಲಿ ಇರಿಸಿ ನಿಜವಾಗಿಯೂ ಹಿಡಿದುಕೊಂಡರು. ನಾನು ಹೇಳುತ್ತಾ ಹೋದೆ: "ಮ್ಯಾಲ ಒಂದ ಎಲುಬು. ಮೊಣಕೈ ಕೆಳಗ ಎರಡು. ಮುಂಗೈಯಾಗ ಸಣ್ಣ ಸಣ್ಣವು. ಈ ಮೀನಿಗೂ ಹಂಗ ಇತ್ರಿ, ಕಾಲು ಹುಟ್ಟೂದಕ್ಕಿಂತ ಮೊದಲ. ನಮ್ಮ ತೋಳು ನಮ್ಮದಲ್ರಿ, ಅಲ್ಲಿಂದ ಬಂದದ್ದು." ಸಾಹೇಬರು ತೋಳನ್ನು ಒಂದು ಸಲ ಹೊರಳಿಸಿದರು.

"ಇಷ್ಟೆಲ್ಲಾ ಗೊತ್ತಿದ್ದಾವ್ರು ಮೀನನ್ಯಾಕ ಹಿಂಗ ಮಾಡೀರಿ?"

ಹತ್ತು ದಿನದ ಬೇಸರ, ಬಸ್ಸಿನ ಧೂಳು, ಎರಡು ಜ್ವಾಲಾಮುಖಿಯ ನಾತ, ಎಲ್ಲ ಸೇರಿ ನನ್ನ ಬಾಯಿಂದ ನಿಜವೇ ಹೊರಬಿತ್ತು. "ಚಲೋವು ಎರಡಿದ್ದವು ಸಾಹೇಬ್ರ. ಕುಂಬಾರ್ರು ಒಂಟಿ ಕೊಡಂಗಿಲ್ಲ ಅಂತ ಜೋಡಿ ಮಾಡಿಕೊಟ್ರು. ನಮ್ಮವ್ವ ಮಣ್ಣೆತ್ತು ಅಂತ ತಿಳಿದು ಪೂಜಿ ಮಾಡಿ ಬಾವಿಗೆ ಬಿಟ್ಟಳು. ಇದು ನಾ ಮಾಡಿದ್ರಿ."

ಸುತ್ತಲಿನವರು ನಕ್ಕರು. ಸಾಹೇಬರು ನಗಲಿಲ್ಲ. ಗಂಭೀರವಾಗಿ ಕೇಳಿದರು: "ಗ್ವಾದಲಿ ಸಮೇತ?"

"ಸಮೇತ್ರಿ."

ಡೈರಿಯಲ್ಲಿ ಏನೋ ಬರೆದುಕೊಂಡು ಮುಂದೆ ಹೋದರು. ಮೊದಲ ಬಹುಮಾನ ಎಡಗಡೆಯ ಜ್ವಾಲಾಮುಖಿಗೆ ಬಂತು.

ಆಮೇಲಿನ ಹತ್ತು ದಿನ ನಾನು ಹೇಗೆ ಕಳೆದೆನೆಂದು ಹೇಳುವುದಿಲ್ಲ. ಟ್ರಂಕು ತುಂಬಿದೆ, ಬಿಚ್ಚಿದೆ, ಮತ್ತೆ ತುಂಬಿದೆ. ಅವ್ವ ಊರಿಗೆ ಹೋಗುವುದನ್ನು ಮುಂದಕ್ಕೆ ಹಾಕಿದ್ದಳು. ಹೋದರೆ ಇಬ್ಬರೂ ಕೂಡಿಯೇ ಹೋಗೋಣ ಎಂಬಂತೆ. ಹನ್ನೊಂದನೇ ದಿನ ದೊಡ್ಡಕ್ಕೋರು ಕರೆದು ಕಾಗದ ಕೈಗಿತ್ತರು. ಸಾಹೇಬರ ಶಿಫಾರಸು. "ಮಾದರಿ ತೀರ ಕಳಪೆ" ಎಂಬಲ್ಲಿಗೆ ಬಂದಾಗ ನನ್ನ ಕಣ್ಣು ಮಂಜಾಗಿ ನಿಂತುಬಿಟ್ಟಿತು.

"ಮುಂದ ಓದ್ರಿ, ಮುಂದ!" ಎಂದು ದೊಡ್ಡಕ್ಕೋರು ಮೇಜು ಗುದ್ದಿದರು. "ಅಲ್ಲೇ ನಿಂತರ ಹೆಂಗ?"

ಮುಂದೆ ಬರೆದಿತ್ತು: "ಶಿಕ್ಷಕಿಗೆ ವಿಷಯ ಚೆನ್ನಾಗಿ ಗೊತ್ತಿದೆ. ಕಾಯಂ ಮಾಡಲು ಅಡ್ಡಿಯಿಲ್ಲ."

ಮನೆಗೆ ಓಡಿಬಂದು ಅವ್ವನಿಗೆ ಓದಿ ಹೇಳಿದೆ. ಕಳಪೆ ಎಂಬ ಸಾಲನ್ನು ಬಿಟ್ಟೆ. ಅವ್ವ, "ಚಲೋ ಆತು," ಎಂದು ಮಧ್ಯಾಹ್ನದ ಬಸ್ಸಿಗೆ ತನ್ನ ಚೀಲ ಕಟ್ಟತೊಡಗಿದಳು. ಸೀರೆ ಮಡಿಸುವ ಕೈಯಲ್ಲಿ ಏನೋ ಸಿಟ್ಟು ಇತ್ತು. ಪೂಜೆಯ ಫಲ ಎಂದು ಈಗ ಹೇಳುತ್ತಾಳೆ, ಹೇಳಲಿ, ಈ ಸಲ ವಾದ ಮಾಡುವುದಿಲ್ಲ ಎಂದು ಕಾದೆ. ಹೇಳಲಿಲ್ಲ. ಕೊನೆಗೆ ನಾನೇ ಕೆಣಕಿದೆ: "ಏನವ್ವಾ, ನಿನ್ನ ಪೂಜಿ ಫಲಾ ಕೊಡ್ತಲ್ಲ?"

"ಏನ್ ಫಲಾ, ಮಣ್ಣು!" ಎಂದಳು ಅವ್ವ, ಚೀಲದ ಬಾಯನ್ನು ಜಗ್ಗಿ ಕಟ್ಟುತ್ತಾ. "ನನ್ನ ಮಗಳು ಮನಿಗೆ ಬರಂಗ ಆಗಲಿ ಅಂತ ಬೇಡಕೊಂಡು ಬಿಟ್ಟಿದ್ನಿ. ಎತ್ತಾಗಿದ್ರ ಮಾತು ಕೇಳ್ತಿದ್ದವು. ಹೋಗಿ ಹೋಗಿ ಮೀನಿನ ಮುಂದ ಹೇಳಿದ್ನಿ ನೋಡು."

ನಾನು ಚೀಲ ಎತ್ತಿಕೊಂಡೆ. ಬಸ್‌ಸ್ಟ್ಯಾಂಡಿನವರೆಗೂ ನಾನೇ ಹೊತ್ತು ನಡೆದೆ. ಬಸ್ಸು ಹತ್ತಿ ಕುಳಿತ ಮೇಲೆ ಅವ್ವ ಕಿಟಕಿಯಿಂದ ಕೈ ಚಾಚಿ ನನ್ನ ತೋಳನ್ನು ಮೊಣಕೈಯ ಮೇಲೆ ಗಟ್ಟಿಯಾಗಿ ಹಿಡಿದು, "ಎಷ್ಟ ಬಡಕಲಾಗೀ, ಬರೇ ಎಲುಬು ಹತ್ತತಾವ. ಶೇಂಗಾ ತಿಂದು ಮಲಗಬ್ಯಾಡ," ಎಂದಳು. ಶೇಂಗಾದ ಸಂಗತಿ ಅವಳಿಗೆ ಯಾವಾಗ ಗೊತ್ತಾಗಿತ್ತೋ ಎಂಬ ಚಿಂತೆ ಸುರುವಾಗುವಷ್ಟರಲ್ಲಿ ಬಸ್ಸು ಹೊರಟಿತು.